ಚಿತ್ರ ಪರಿಚಯ: ನಾಗರಹಾವು (1972)

ದುರ್ಗದ ರಾಮಾಚಾರಿಯನ್ನು ನಮ್ಮಲ್ಲಿ ಅರಿಯದವರು ಕಡಿಮೆ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ? ಅವರಿಗಾಗಿಯೂ ಈ ಕಿರುಪರಿಚಯ.

ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರವಿದು. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್. ವಿಷ್ಣುವರ್ಧನ್ ನಾಯಕನಟರಾದದ್ದು, ಅಂಬರೀಶ್ ಜಲೀಲನಾಗಿ ತೆರೆಗೆ ಬಂದದ್ದು ಇದರಿಂದಲೇ.

ಮುಂಗೋಪಿ ರಾಮಾಚಾರಿ ತಲೆಬಾಗುವುದು ಚಾಮಯ್ಯ ಮೇಷ್ಟ್ರಿಗೆ (ಕೆ.ಎಸ್. ಅಶ್ವಥ್) ಮಾತ್ರ. ಅವನೂ ಅಲಮೇಲುವೂ (ಆರತಿ) ಪ್ರೀತಿಸುತ್ತಾರೆ. ಜಾತಿ ಅಡ್ಡ ಬರುತ್ತದೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವಳನ್ನು ಬಿಟ್ಟುಕೊಡುತ್ತಾನೆ. ಮುಂದೊಂದು ದಿನ ಅವಳನ್ನು ವೇಶ್ಯೆಯಾಗಿ ಕಂಡಾಗ ಆ ತ್ಯಾಗಕ್ಕೆ ಅರ್ಥವೇ ಉಳಿಯುವುದಿಲ್ಲ.

ಕ್ರೈಸ್ತ ಹುಡುಗಿ ಮಾರ್ಗರೆಟ್ (ಶುಭಾ) ಜೊತೆಯಾದಾಗ ಧರ್ಮ ಅಡ್ಡ. ಬೆಟ್ಟದ ಮೇಲೆ ಮೇಷ್ಟ್ರು ಮತ್ತೆ ಬೇಡವೆನ್ನುತ್ತಾರೆ. ಈ ಬಾರಿ ಶಿಷ್ಯ ಕೇಳುವುದಿಲ್ಲ. ಅವನು ಮೆಲ್ಲಗೆ ತಳ್ಳಿದ್ದಕ್ಕೇ ಗುರು ಕೆಳಗುರುಳುತ್ತಾರೆ; ಪ್ರೇಮಿಗಳಿಬ್ಬರೂ ಬೆಟ್ಟದಿಂದ ಹಾರುತ್ತಾರೆ.

ಇಲ್ಲಿ ಪ್ರೀತಿಗೆ ಎರಡು ಸಲವೂ ಅಡ್ಡ ನಿಂತದ್ದು ಖಳನಾಯಕನಲ್ಲ, ರಾಮಾಚಾರಿಯ ಒಳಿತನ್ನೇ ಬಯಸಿದ ಮೇಷ್ಟ್ರು! ನಮ್ಮನ್ನು ಇಂದಿಗೂ ಕಾಡುವುದು ಅದೇ. ಮಕ್ಕಳ ಮದುವೆಯ ಮಾತು ಬಂದಾಗ ನಾವೂ ಮೇಷ್ಟ್ರ ಜಾಗದಲ್ಲೇ ನಿಲ್ಲುತ್ತೇವಲ್ಲವೇ?

2018ರಲ್ಲಿ ಚಿತ್ರ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾಯಿತು. ವಯಸ್ಸಿಗೆ ಬಂದ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ನೋಡಿ. ಅರ್ಥವಾಗದ ಮಾತುಗಳನ್ನು ಬಿಡಿಸಿ ಹೇಳಿ. ಚಿತ್ರ ಮುಗಿದ ಮೇಲೆ, ಮೇಷ್ಟ್ರು ಹೇಳಿದ್ದು ಸರಿಯೇ ಎಂದು ಅವರನ್ನೇ ಕೇಳಿ. ಉತ್ತರ ಕೇಳಿಸಿಕೊಳ್ಳುವ ತಾಳ್ಮೆ ನಮಗಿರಲಿ.