ಗಾಲ್ಫ್ ಮೈದಾನಗಳಲ್ಲಿ ಚಳಿಗಾಲದ ಮರ ತೆರವು

ಗಾಲ್ಫ್ ಮೈದಾನಗಳಲ್ಲಿ ಚಳಿಗಾಲದ ಮರ ತೆರವು ಎಂಬುದು ಉತ್ತರ ಅಮೆರಿಕ ಹಾಗೂ ಉತ್ತರ ಯುರೋಪಿನ ಶೀತ ಪ್ರದೇಶಗಳಲ್ಲಿ ರೂಢಿಯಲ್ಲಿರುವ ಒಂದು ನಿರ್ವಹಣಾ ಕಾರ್ಯ. ಆಟ ನಿಂತಿರುವ ಅಥವಾ ವಿರಳವಾಗಿರುವ ತಿಂಗಳುಗಳಲ್ಲಿ ಮರಗಳನ್ನು ಕಡಿಯುವುದು, ಕೊಂಬೆಗಳನ್ನು ಸವರುವುದು ಮತ್ತು ಬೊಡ್ಡೆಗಳನ್ನು ತೆಗೆಯುವುದು ಇದರಲ್ಲಿ ಸೇರಿವೆ. ಹುಲ್ಲಿನ ಆರೋಗ್ಯ, ಆಟಗಾರರ ಸುರಕ್ಷತೆ ಮತ್ತು ಮೈದಾನದ ಮೂಲ ವಿನ್ಯಾಸವನ್ನು ಮರಳಿ ತರುವುದು ಇದರ ಮುಖ್ಯ ಉದ್ದೇಶಗಳು.

ಕಾರಣಗಳು

ಗಾಲ್ಫ್ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ ‘ಗ್ರೀನ್’ ಎಂದು ಹೆಸರು. ಇಲ್ಲಿನ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಲಾಗುತ್ತದೆ. ಎಲೆಯ ಭಾಗ ಅತ್ಯಲ್ಪವಾಗಿರುವುದರಿಂದ ಆಹಾರ ತಯಾರಿಕೆಗೆ ಈ ಹುಲ್ಲಿಗೆ ಹೆಚ್ಚು ಬಿಸಿಲು ಬೇಕು. ಸಮೀಪದ ಮರಗಳು ಬೆಳಗಿನ ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತವೆ. ಅವುಗಳ ಬೇರುಗಳು ನೀರು ಮತ್ತು ಪೋಷಕಾಂಶಗಳಿಗಾಗಿ ಹುಲ್ಲಿನೊಡನೆ ಸ್ಪರ್ಧಿಸುತ್ತವೆ. ತೇವ ಆರದ ಹುಲ್ಲಿಗೆ ಶಿಲೀಂಧ್ರ ರೋಗಗಳು ಸುಲಭವಾಗಿ ತಗಲುತ್ತವೆ. ಚಳಿಗಾಲದಲ್ಲಿ ಸೂರ್ಯನು ತಗ್ಗಿನಲ್ಲಿ ಸಾಗುವುದರಿಂದ ನಿತ್ಯಹರಿದ್ವರ್ಣ ಮರಗಳ ನೆರಳು ನೀಳವಾಗಿ ಚಾಚಿ, ಹಿಮಗಡ್ಡೆ ಕರಗದೆ ಉಳಿದು ಹುಲ್ಲು ಸಾಯುವುದೂ ಉಂಟು.

ಚಳಿಗಾಲದ ಅನುಕೂಲಗಳು

ನೆಲ ಹೆಪ್ಪುಗಟ್ಟಿದಾಗ ಭಾರವಾದ ಯಂತ್ರಗಳು ಚಲಿಸಿದರೂ ಹುಲ್ಲುಹಾಸಿನಲ್ಲಿ ಗಾಲಿಯ ಗುಂಡಿಗಳು ಬೀಳುವುದಿಲ್ಲ. ಎಲೆ ಉದುರಿದ ಮರಗಳಲ್ಲಿ ಒಣಗಿದ ಮತ್ತು ಸೀಳಿದ ಕೊಂಬೆಗಳ ಜೋಡಣೆ ಸ್ಪಷ್ಟವಾಗಿ ಕಾಣುತ್ತದೆ. ಓಕ್ ಮರಗಳ ಬಾಡುರೋಗವನ್ನು ಹರಡುವ ಜೀರುಂಡೆಗಳು ಈ ಕಾಲದಲ್ಲಿ ಹಾರಾಡುವುದಿಲ್ಲವಾದ್ದರಿಂದ ಓಕ್ ಕೊಂಬೆಗಳನ್ನು ಸವರಲು ಇದು ಸೂಕ್ತ ಸಮಯ. ಆದರೆ ಎಲೆಯುದುರುವ ಮರಗಳ ನೆರಳಿನ ಪ್ರಮಾಣ ಬೇಸಿಗೆಯಲ್ಲಿ ಮಾತ್ರ ತಿಳಿಯುತ್ತದೆ. ಆದುದರಿಂದ ತೆಗೆಯಬೇಕಾದ ಮರಗಳನ್ನು ಆಗಲೇ ಗುರುತಿಸಿಡುವುದು ಒಳ್ಳೆಯದು.

ಓಕ್ಮಾಂಟ್ ಕಂಟ್ರಿ ಕ್ಲಬ್

ಮರ ತೆರವಿನ ಚರ್ಚೆಯಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಮೈದಾನ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಓಕ್ಮಾಂಟ್. 1903ರಲ್ಲಿ ಹೆನ್ರಿ ಫೌನ್ಸ್ ಸ್ಥಾಪಿಸಿದ ಈ ಮೈದಾನ ಬಹುಮಟ್ಟಿಗೆ ಬಯಲಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೌಂದರ್ಯಕ್ಕಾಗಿ ಸಾವಿರಾರು ಮರಗಳನ್ನು ನೆಡಲಾಯಿತು. 1990ರ ದಶಕದಲ್ಲಿ ಅವುಗಳ ತೆರವು ಆರಂಭವಾದಾಗ, ಸದಸ್ಯರ ವಿರೋಧಕ್ಕೆ ಅಂಜಿ ಬೆಳಗಾಗುವ ಮುನ್ನವೇ ಗುಟ್ಟಾಗಿ ಮರ ಕಡಿಯಲಾಗುತ್ತಿತ್ತು. ವಿಷಯ ಬಯಲಾದ ಮೇಲೆ ಸದಸ್ಯರಲ್ಲಿ ತೀವ್ರ ಭಿನ್ನಾಭಿಪ್ರಾಯ ತಲೆದೋರಿದರೂ ಕಾರ್ಯ ಮುಂದುವರಿಯಿತು. 2007ರ ಯು.ಎಸ್. ಓಪನ್ ಪಂದ್ಯಾವಳಿಯ ವೇಳೆಗೆ ಸಾವಿರಾರು ಮರಗಳು ಹೋಗಿ ಮೈದಾನ ಮತ್ತೆ ಬಯಲಾಗಿತ್ತು. ಬಳಿಕ ಇತರ ಹಳೆಯ ಕ್ಲಬ್‌ಗಳೂ ಇದೇ ಹಾದಿ ಹಿಡಿದವು.

ಐಸೆನ್‌ಹೋವರ್ ಮರ

ಮರವೊಂದು ಮೈದಾನದ ಚರಿತ್ರೆಯ ಭಾಗವಾಗಬಹುದು ಎಂಬುದಕ್ಕೆ ಜಾರ್ಜಿಯ ರಾಜ್ಯದ ಆಗಸ್ಟಾ ನ್ಯಾಷನಲ್ ಮೈದಾನದ 17ನೆಯ ಕುಳಿಯ ಹಾದಿಯಲ್ಲಿದ್ದ ಪೈನ್ ಮರ ನಿದರ್ಶನ. ಅಧ್ಯಕ್ಷ ಐಸೆನ್‌ಹೋವರ್ ಅವರ ಚೆಂಡು ಪದೇ ಪದೇ ಇದಕ್ಕೆ ಬಡಿಯುತ್ತಿತ್ತು. 1956ರ ಸಭೆಯಲ್ಲಿ ಅವರು ಅದನ್ನು ಕಡಿಸಲು ಸೂಚಿಸಿದಾಗ ಕ್ಲಬ್ಬಿನ ಮುಖ್ಯಸ್ಥ ಕ್ಲಿಫರ್ಡ್ ರಾಬರ್ಟ್ಸ್ ಸಭೆಯನ್ನೇ ಮುಕ್ತಾಯಗೊಳಿಸಿದರು. 2014ರ ಫೆಬ್ರವರಿಯ ಹಿಮಮಳೆಯಲ್ಲಿ ತೀವ್ರವಾಗಿ ಹಾನಿಗೊಂಡ ಈ ಮರವನ್ನು ಕೊನೆಗೆ ತೆಗೆಯಬೇಕಾಯಿತು.

ಪರಿಸರ ದೃಷ್ಟಿ

ಮರಗಳು ಹಕ್ಕಿಗಳಿಗೂ ಬಾವಲಿಗಳಿಗೂ ಆಶ್ರಯ ನೀಡುತ್ತವೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಹಕ್ಕಿಗೂಡುಗಳಿಗೆ 1981ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಗೂಡುಕಟ್ಟುವ ಋತುವನ್ನು ತಪ್ಪಿಸಲೂ ಚಳಿಗಾಲ ನೆರವಾಗುತ್ತದೆ. ಆದರೂ ಪೊಟರೆಗಳಲ್ಲಿ ಚಳಿನಿದ್ರೆಯಲ್ಲಿರುವ ಬಾವಲಿಗಳಿವೆಯೇ ಎಂದು ಮೊದಲು ಪರೀಕ್ಷಿಸುವುದು ಅಗತ್ಯ. ಹುಲ್ಲು ಒಂದೆರಡು ಋತುಗಳಲ್ಲಿ ಚೇತರಿಸಿಕೊಳ್ಳಬಲ್ಲದು, ಆದರೆ ಕಡಿದ ಹಳೆಯ ಮರದ ಸ್ಥಾನ ತುಂಬಲು ಹಲವು ದಶಕಗಳು ಬೇಕು. ಹೀಗಾಗಿ ಪ್ರತಿಯೊಂದು ಮರವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ, ಕೊಂಬೆ ಸವರಿದರೆ ಅಥವಾ ಬೇರು ಕತ್ತರಿಸಿದರೆ ಸಾಕಾಗುವುದಾದರೆ ಮರವನ್ನು ಉಳಿಸಿಕೊಳ್ಳುವುದು ಉತ್ತಮ ನಿರ್ವಹಣೆಯ ಲಕ್ಷಣವೆನಿಸಿದೆ.