ಗಂಧಕದ ಗುಂಡಿಯಿಂದ ರಾಣಿ ಗೇಟಿನವರೆಗೆ: ಜೇನನ್ನು ಕೊಲ್ಲದೆ ತೆಗೆಯುವ ವಿದ್ಯೆಯ ಚರಿತ್ರೆ

ಹಳೆಯ ಮನೆಯೊಂದರ ಗೋಡೆಗೆ ಕಿವಿಗೊಟ್ಟರೆ ಒಳಗಿನಿಂದ ಝೇಂಕಾರ ಕೇಳುತ್ತದೆ. ಕಲ್ಲುಗಳ ನಡುವಿನ ಬಿರುಕಿನಲ್ಲಿ ಜೇನ್ನೊಣಗಳು ಬಿಡುವಿಲ್ಲದೆ ಹೋಗಿ ಬರುತ್ತಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕೀಟನಾಶಕ ಸಿಂಪಡಿಸಿ, ಬಿರುಕಿಗೆ ಸಿಮೆಂಟು ಮೆತ್ತಿಬಿಡುವುದೇ ಸುಲಭವೆಂದು ಮನೆಯವರಿಗೆ ತೋರುತ್ತದೆ. ಆದರೆ ಜೇನುಸಾಕಣೆ ಬಲ್ಲವರೊಬ್ಬರು ಬಂದರೆ ಅರ್ಧ ದಿನದ ಕೆಲಸದಲ್ಲಿ ಇಡೀ ಕುಟುಂಬವನ್ನು ರಾಣಿ, ಮರಿ, ಎರಿಗಳ ಸಹಿತ ಪೆಟ್ಟಿಗೆಗೆ ಸಾಗಿಸಬಲ್ಲರು.

ಈ ವಿದ್ಯೆ ಹುಟ್ಟಿದ್ದು ಹೇಗೆ? ಜೇನ್ನೊಣಗಳ ಮೇಲಿನ ಕನಿಕರದಿಂದ ಎಂದು ಹೇಳಬಹುದು. ಆದರೆ ಅದು ಅರ್ಧ ಉತ್ತರ ಮಾತ್ರ. ಕೊಲ್ಲಬಾರದೆಂಬ ಮನಸ್ಸು ಬಹಳ ಹಿಂದೆಯೇ ಇತ್ತು. ಕೊಲ್ಲದಿರಲು ಬೇಕಾದ ತಿಳಿವಳಿಕೆ ಒಂದೊಂದಾಗಿ ಬರಬೇಕಾಯಿತು. ಈ ಕಥೆಯ ಹಲವು ಘಟ್ಟಗಳು ಬರವಣಿಗೆಯಲ್ಲಿ ಸ್ಪಷ್ಟವಾಗಿ ಉಳಿದಿರುವುದು ಇಂಗ್ಲೆಂಡಿನಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಗಂಧಕದ ಗುಂಡಿ

ಇಂಗ್ಲೆಂಡಿನ ಹಳ್ಳಿಗರು ಶತಮಾನಗಳ ಕಾಲ ಜೇನನ್ನು ಸಾಕಿದ್ದು ಹುಲ್ಲಿನ ಹುರಿಯಿಂದ ಹೆಣೆದು ಬೋರಲಾಗಿಟ್ಟ ಬುಟ್ಟಿಗಳಲ್ಲಿ. ಎರಿಗಳು ಬುಟ್ಟಿಯ ಒಳಮೈಗೆ ಅಂಟಿಕೊಂಡಿರುತ್ತಿದ್ದವು. ಅವನ್ನು ಕತ್ತರಿಸದೆ ಹೊರತೆಗೆಯುವಂತಿರಲಿಲ್ಲ. ಹಾಗಾಗಿ ಬೇಸಿಗೆ ಮುಗಿಯುತ್ತಲೇ ನೆಲದಲ್ಲಿ ಗುಂಡಿ ತೋಡಿ, ಗಂಧಕ ಹಚ್ಚಿದ ಬಟ್ಟೆಯನ್ನು ಉರಿಸಿ, ಅದರ ಮೇಲೆ ಬುಟ್ಟಿಯನ್ನು ಇಡುತ್ತಿದ್ದರು. ಗಂಧಕದ ಡೈಆಕ್ಸೈಡ್ ಅನಿಲಕ್ಕೆ ಸಿಕ್ಕಿ ನೊಣಗಳೆಲ್ಲ ಸತ್ತು ಬೀಳುತ್ತಿದ್ದವು.

ಯಾವ ಬುಟ್ಟಿಗೆ ಈ ಗತಿ? ಅತಿ ಭಾರದ್ದಕ್ಕೆ ಮತ್ತು ಅತಿ ಹಗುರದ್ದಕ್ಕೆ. ಹಗುರವಾದದ್ದು ಹೇಗೂ ಚಳಿಗಾಲ ದಾಟದು; ಭಾರವಾದದ್ದರಲ್ಲಿ ಜೇನು ಹೆಚ್ಚು. ಮುಂದಿನ ವರ್ಷಕ್ಕೆ ಉಳಿಯುತ್ತಿದ್ದವು ನಡುತರದ ಕುಟುಂಬಗಳು. ಅಂದರೆ ಚೆನ್ನಾಗಿ ದುಡಿಯುವ ಕುಟುಂಬಗಳನ್ನೇ ಆರಿಸಿ ಕೊಂದಂತಾಗುತ್ತಿತ್ತು. ತಳಿಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ನಷ್ಟದ ಆಯ್ಕೆ ಬೇರೊಂದಿಲ್ಲ.

ರಾಣಿಯ ಗುಟ್ಟು

1609ರಲ್ಲಿ ಚಾರ್ಲ್ಸ್ ಬಟ್ಲರ್ ಎಂಬ ಪಾದ್ರಿ ಜೇನಿನ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿ, ಕುಟುಂಬದ ಕೇಂದ್ರದಲ್ಲಿರುವುದು ರಾಜನಲ್ಲ, ರಾಣಿ ಎಂಬುದನ್ನು ಇಂಗ್ಲಿಷ್ ಓದುಗರಿಗೆ ಮನದಟ್ಟು ಮಾಡಿದರು. ಈ ತಿಳಿವಳಿಕೆಯನ್ನು ಕೈಚಳಕವಾಗಿಸಿದವರು ಥಾಮಸ್ ವೈಲ್ಡ್‌ಮನ್. ಜೇನಿನ ಹಿಂಡನ್ನು ಗಡ್ಡದಂತೆ ತಮ್ಮ ಗಲ್ಲಕ್ಕೆ ಇಳಿಬಿಟ್ಟುಕೊಂಡು ಅವರು ಜನರನ್ನು ಬೆರಗುಗೊಳಿಸುತ್ತಿದ್ದರು. 1768ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದರ ಗುಟ್ಟನ್ನೂ ಬಿಚ್ಚಿಟ್ಟರು: ರಾಣಿ ಎಲ್ಲಿದ್ದರೆ ಹಿಂಡು ಅಲ್ಲಿ. ನೊಣಗಳನ್ನು ಕೊಲ್ಲದೆ ಜೇನು ಪಡೆಯಬೇಕೆಂದು ವಾದಿಸಿದ ಪುಸ್ತಕವೂ ಅದೇ.

ಕೊಲ್ಲದೆ ತೆಗೆಯುವ ಆ ಕಾಲದ ಉಪಾಯ ಸರಳವಾಗಿತ್ತು. ತುಂಬಿದ ಬುಟ್ಟಿಗೆ ಸ್ವಲ್ಪ ಹೊಗೆ ಕೊಟ್ಟು ಅದನ್ನು ತಲೆಕೆಳಗಾಗಿಸಿ, ಅದರ ಬಾಯಿಗೆ ಸೇರುವಂತೆ ಖಾಲಿ ಬುಟ್ಟಿಯೊಂದನ್ನು ಮೇಲೆ ಇಡುವುದು. ಬಳಿಕ ಕೆಳಗಿನ ಬುಟ್ಟಿಯ ಪಕ್ಕಗಳನ್ನು ಅಂಗೈಯಿಂದ ಒಂದೇ ಲಯದಲ್ಲಿ ತಟ್ಟುತ್ತಿರುವುದು. ಹೊಟ್ಟೆ ತುಂಬ ಜೇನು ಹೀರಿದ ನೊಣಗಳು ಮೇಲಿನ ಕತ್ತಲೆಯತ್ತ ಸಾಲುಗಟ್ಟಿ ಏರುತ್ತವೆ, ಅವುಗಳೊಡನೆ ರಾಣಿಯೂ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲೆಯ ವಿರುದ್ಧದ ದನಿ ಬಲವಾಯಿತು. ಥಾಮಸ್ ನಟ್ 1832ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ಜೇನ್ನೊಣಗಳ ಬಗೆಗಿನ ದಯೆಯನ್ನು ಸಾರುವಂಥದು. 1842ರಲ್ಲಿ ವಿಲಿಯಂ ಚಾರ್ಲ್ಸ್ ಕಾಟನ್ ಎಂಬ ಪಾದ್ರಿ ತಮ್ಮ ಪುಸ್ತಕದಲ್ಲಿ, ಒಣಗಿದ ಒಂದು ಬಗೆಯ ಅಣಬೆಯ ಹೊಗೆಯಿಂದ ನೊಣಗಳನ್ನು ತಾತ್ಕಾಲಿಕವಾಗಿ ಮಂಪರುಗೊಳಿಸುವುದನ್ನು ಪ್ರಚಾರ ಮಾಡಿದರು. 1874ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಜೇನುಸಾಕಣೆದಾರರ ಸಂಘವಂತೂ ಬಡ ಕೂಲಿಕಾರರ ಏಳಿಗೆಯ ಜೊತೆಗೆ ಜೇನ್ನೊಣಗಳ ಮೇಲಿನ ದಯೆಯನ್ನೂ ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡಿತು.

ಆದರೂ ಒಂದು ತೊಡಕು ಉಳಿದಿತ್ತು. ತಟ್ಟಿ ಏರಿಸಿದಾಗ ಬರುತ್ತಿದ್ದವು ದೊಡ್ಡ ನೊಣಗಳು ಮಾತ್ರ. ಮೊಟ್ಟೆ, ಮರಿಹುಳು, ಕೋಶಗಳಿದ್ದ ಎರಿ ಹಳೆಯ ಬುಟ್ಟಿಯಲ್ಲೇ ಉಳಿದು ಹಾಳಾಗುತ್ತಿತ್ತು. ಮರಿಗಳನ್ನು ಉಳಿಸಲು ದಯೆ ಸಾಲದು. ಎರಿಯನ್ನೇ ಎತ್ತಿಡುವ ದಾರಿ ಬೇಕಿತ್ತು.

ಒಂಬತ್ತು ಮಿಲಿಮೀಟರಿನ ಶೋಧ

ಆ ದಾರಿ ಸಿಕ್ಕಿದ್ದು ಅಮೆರಿಕದಲ್ಲಿ. ಫಿಲಡೆಲ್ಫಿಯಾದ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಂಗತಿಯ ಮಹತ್ವವನ್ನು ಗ್ರಹಿಸಿದರು. ಗೂಡಿನೊಳಗಿನ ಸಂದು ಸುಮಾರು 6ರಿಂದ 9 ಮಿಲಿಮೀಟರ್ ಇದ್ದರೆ ನೊಣಗಳು ಅದನ್ನು ಓಡಾಟದ ಹಾದಿಯಾಗಿ ಬಿಡುತ್ತವೆ. ಅದಕ್ಕಿಂತ ಕಿರಿದಾದರೆ ಮರದ ಅಂಟಿನಿಂದ ಮುಚ್ಚುತ್ತವೆ. ಅಗಲವಾದರೆ ಎರಿ ಕಟ್ಟುತ್ತವೆ. ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ಅಷ್ಟೇ ಅಂತರ ಬಿಟ್ಟಾಗ ಎರಿ ಗೋಡೆಗೆ ಅಂಟಲಿಲ್ಲ. ಚೌಕಟ್ಟು ಸಲೀಸಾಗಿ ಮೇಲೆ ಬಂತು. 1852ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಜೇನಿಗಾಗಿ ಕುಟುಂಬವನ್ನು ಕೊಲ್ಲುವ ಅಗತ್ಯವೇ ಇಲ್ಲವಾಯಿತು.

1870ರ ದಶಕದಲ್ಲಿ ಅಮೆರಿಕದ ಮೋಸೆಸ್ ಕ್ವಿನ್‌ಬಿ ತಿದಿ ಜೋಡಿಸಿದ ಹೊಗೆ ಸಾಧನವನ್ನು ರೂಪಿಸಿದರು. ಹೊಗೆಗೆ ನೊಣ ಶಾಂತವಾಗುವುದೇಕೆಂಬುದು ಮುಂದೆ ತಿಳಿಯಿತು. ಕುಟುಕಿದ ನೊಣ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವಿರುವ ಎಚ್ಚರಿಕೆಯ ವಾಸನೆಯನ್ನು ಹೊರಸೂಸುತ್ತದೆ. ಹೊಗೆ ಆ ಸಂದೇಶವನ್ನು ಮಸುಕಾಗಿಸುತ್ತದೆ. ವೈಲ್ಡ್‌ಮನ್ ಬಳಸಿದ ರಾಣಿಯ ಸೆಳೆತಕ್ಕೂ 1950ರ ದಶಕದಲ್ಲಿ ವಿವರಣೆ ದೊರೆಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಕಾಲಿನ್ ಬಟ್ಲರ್ ಅದನ್ನು ರಾಣಿಯ ದೇಹದಿಂದ ಸ್ರವಿಸುವ ‘ರಾಣಿ ದ್ರವ್ಯ’ ಎಂದು ಗುರುತಿಸಿದರು.

ಗೋಡೆಯೂ ಒಂದು ಬುಟ್ಟಿ

ಈಗ ಹಳೆಯ ಮನೆಗೆ ಮರಳೋಣ. ಪೆಟ್ಟಿಗೆಗಳ ಕಾಲ ಬಂದರೂ ಗೋಡೆಯೊಳಗಿನ ಜೇನು ಇನ್ನೂ ಬುಟ್ಟಿಯ ಕಾಲದಲ್ಲೇ ಇದೆ. ಅಲ್ಲಿ ಚೌಕಟ್ಟಿಲ್ಲ, ಎರಿಗಳು ಕಲ್ಲಿಗೆ, ಹಲಗೆಗೆ ಅಂಟಿವೆ. ಹಾಗಾಗಿ ಮೇಲೆ ಹೇಳಿದ ತಿಳಿವಳಿಕೆಯನ್ನೆಲ್ಲ ಇಲ್ಲಿ ಒಟ್ಟಿಗೆ ಬಳಸಬೇಕು.

ಮೊದಲು ಗೂಡಿನ ಜಾಗವನ್ನು ಗುರುತಿಸಬೇಕು. ಮರಿಗಳಿರುವ ಭಾಗವನ್ನು ನೊಣಗಳು ಸುಮಾರು 34-35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯುವುದರಿಂದ ತೆಳು ಗೋಡೆಯಾದರೆ ಅಲ್ಲಿ ಬೆಚ್ಚಗಿರುತ್ತದೆ. ಈಗ ಉಷ್ಣ ಕ್ಯಾಮೆರಾಗಳೂ ಇವೆ. ಹಿತಮಿತವಾಗಿ ಹೊಗೆ ಕೊಟ್ಟು, ಗಾರೆ ಅಥವಾ ಹಲಗೆ ಬಿಡಿಸಿ, ಎರಿಗಳನ್ನು ಒಂದೊಂದಾಗಿ ಕೊಯ್ಯುತ್ತಾರೆ. ಮರಿಯಿರುವ ಎರಿಯನ್ನು ಚೌಕಟ್ಟಿನೊಳಗೆ ಕೂರಿಸಿ ಬಾಳೆನಾರಿನಿಂದಲೋ ದಾರದಿಂದಲೋ ಕಟ್ಟುತ್ತಾರೆ. ಕೆಲವೇ ದಿನಗಳಲ್ಲಿ ನೊಣಗಳು ಅದನ್ನು ಚೌಕಟ್ಟಿಗೆ ಬೆಸೆಯುತ್ತವೆ. ರಾಣಿಯನ್ನು ಪೆಟ್ಟಿಗೆಗೆ ಸೇರಿಸಿದರೆ ಉಳಿದವು ಹಿಂಬಾಲಿಸುತ್ತವೆ. ಕೆಲವು ನೊಣಗಳು ಬಾಗಿಲಲ್ಲಿ ಹಿಂಭಾಗವೆತ್ತಿ ರೆಕ್ಕೆ ಬಡಿಯುತ್ತ, ವಾಸನೆ ಬೀರಿ ಸಂಗಾತಿಗಳನ್ನು ಕರೆಯುತ್ತವೆ. ಕತ್ತಲಾಗಿ ಮೇವಿಗೆ ಹೋದವೆಲ್ಲ ಮರಳಿದ ಮೇಲೆ ಪೆಟ್ಟಿಗೆಯನ್ನು ಸಾಗಿಸಬಹುದು.

ಗೋಡೆ ಒಡೆಯುವಂತಿಲ್ಲದಿದ್ದರೆ ಮತ್ತೊಂದು ವಿಧಾನವಿದೆ. ಬಿರುಕಿನ ಬಾಯಿಗೆ ತಂತಿ ಬಲೆಯ ಆಲಿಕೆ ಜೋಡಿಸಿದರೆ ಹೊರಬಂದ ನೊಣಕ್ಕೆ ಒಳದಾರಿ ಸಿಗದು. ಪಕ್ಕದಲ್ಲಿಟ್ಟ, ಮರಿಯೆರಿಯಿರುವ ಪೆಟ್ಟಿಗೆಗೆ ಅದು ಸೇರುತ್ತದೆ. ಇದಕ್ಕೆ ವಾರಗಟ್ಟಲೆ ಕಾಯಬೇಕು. ರಾಣಿ ಸಾಮಾನ್ಯವಾಗಿ ಹೊರಬರುವುದಿಲ್ಲ. ಎರಿಯೂ ಗೋಡೆಯಲ್ಲೇ ಉಳಿಯುತ್ತದೆ. ಆದ್ದರಿಂದ ಇದನ್ನು ಎರಡನೆಯ ಆಯ್ಕೆಯಾಗಿ ಮಾತ್ರ ಪರಿಗಣಿಸಬೇಕು.

ವಿಷ ಹಾಕುವುದರಿಂದ ಮನೆಗೂ ಲಾಭವಿಲ್ಲ. ಕಾಯುವವರಿಲ್ಲದ ಎರಿ ಬಿಸಿಲಿಗೆ ಕರಗಿ ಗೋಡೆಯಲ್ಲಿ ಜೇನು ಜಿನುಗುತ್ತದೆ; ಇರುವೆ, ಮೇಣದ ಪತಂಗ, ಇಲಿಗಳು ಬರುತ್ತವೆ. ವಿಷ ಬೆರೆತ ಜೇನನ್ನು ಬೇರೆ ಕುಟುಂಬದ ನೊಣಗಳು ಹೊತ್ತೊಯ್ಯುತ್ತವೆ. ಹಳೆಯ ಮೇಣದ ವಾಸನೆಗೆ ಮರುವರ್ಷ ಹೊಸ ಹಿಂಡೇ ಬಂದು ಕೂರಬಹುದು. ಜೇನು ತೆಗೆದ ಪೊಳ್ಳನ್ನು ಶುಚಿ ಮಾಡಿ ತುಂಬಿಸುವುದು ಅದಕ್ಕಾಗಿಯೇ ಅಗತ್ಯ.

ನಮ್ಮ ತುಡುವೆ

ನಮ್ಮಲ್ಲಿ ಗೋಡೆಯ ಪೊಳ್ಳುಗಳಲ್ಲಿ ನೆಲೆಸುವುದು ಮುಖ್ಯವಾಗಿ ತುಡುವೆ ಮತ್ತು ಕುಟುಕದ ಮುಜಂಟಿ. ಹೆಜ್ಜೇನು ಬಯಲಲ್ಲೇ ಒಂದೇ ಎರಿ ಕಟ್ಟಿ, ಋತು ಕಳೆದಾಗ ತಾನಾಗಿ ವಲಸೆ ಹೋಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ತುಡುವೆ ಯೂರೋಪಿನ ಜೇನಿಗಿಂತ ಚಿಕ್ಕದು. ಎರಿಗಳ ಅಂತರವೂ ಕಡಿಮೆ. ಅದಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು 1910ರ ಸುಮಾರಿಗೆ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ರೂಪಿಸಿದರು. ದಕ್ಷಿಣ ಭಾರತದಲ್ಲಿ ಇಂದಿಗೂ ಆ ಪೆಟ್ಟಿಗೆಗೆ ಅವರದೇ ಹೆಸರು. ತುಡುವೆಗೆ ಇನ್ನೊಂದು ಸ್ವಭಾವವಿದೆ: ಕಿರುಕುಳವಾದರೆ ಗೂಡು ಬಿಟ್ಟು ಹಾರಿಹೋಗುತ್ತದೆ. ಅದಕ್ಕಾಗಿ ಮೊದಲ ಕೆಲವು ದಿನ ಬಾಗಿಲಿಗೆ ರಾಣಿ ಗೇಟು ಹಾಕುತ್ತಾರೆ. ಅದರ ಸಂದಿನಲ್ಲಿ ಕೆಲಸಗಾರ ನೊಣ ನುಸುಳಬಲ್ಲದು, ರಾಣಿ ನುಸುಳಲಾರದು.

ಗೋಡೆಯ ಕುಟುಂಬವೊಂದಕ್ಕೆ ಇಷ್ಟು ಶ್ರಮ ಬೇಕೆ? 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ಸಾಕು ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ಕೊಡಗು, ಕರಾವಳಿ, ಮಲೆನಾಡಿನಲ್ಲಿ ಪೆಟ್ಟಿಗೆಗಳು ಬರಿದಾದವು. ಮತ್ತೆ ಜೇನುಸಾಕಣೆ ಚಿಗುರಿದ್ದು ರೋಗದಿಂದ ಬದುಕುಳಿದ ಕುಟುಂಬಗಳಿಂದ. ಯಾರ ಆರೈಕೆಯೂ ಇಲ್ಲದೆ ಮರದ ಪೊಟರೆಯಲ್ಲೋ ಗೋಡೆಯ ಬಿರುಕಿನಲ್ಲೋ ವರ್ಷಗಟ್ಟಲೆ ಬಾಳಿದ ಕುಟುಂಬದಲ್ಲಿ ಅಂಥ ತಾಳಿಕೆಯ ಗುಣವಿರುವ ಸಾಧ್ಯತೆಯಿದೆ. ಅದನ್ನು ವಿಷವಿಟ್ಟು ಕೊಲ್ಲುವವರು, ಭಾರವಾದ ಬುಟ್ಟಿಯನ್ನೇ ಆರಿಸಿ ಗಂಧಕದ ಗುಂಡಿಯ ಮೇಲಿಟ್ಟವರ ತಪ್ಪನ್ನೇ ಮಾಡುತ್ತಾರೆ. ಅವರಿಗೆ ಬೇರೆ ದಾರಿ ತಿಳಿದಿರಲಿಲ್ಲ, ನಮಗೆ ತಿಳಿದಿದೆ.