ತಪ್ಪೊಪ್ಪಿಗೆ ಇಲ್ಲದ ಪರಿಹಾರ



ರಕ್ತದಾನ ಶಿಬಿರದಲ್ಲಿ ಫಾರ್ಮ್ ತುಂಬುವಾಗ "ಇಷ್ಟೊಂದು ಪ್ರಶ್ನೆ ಯಾಕಪ್ಪಾ" ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಬ್ರಿಟನ್ನಿನ ಈ ಕಥೆ ಓದಿದ ಮೇಲೆ ಗೊಣಗುವುದನ್ನು ಬಿಟ್ಟೆ.

ಹಿಮೋಫಿಲಿಯಾ ಇದ್ದವರಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. 1970ರ ದಶಕದಲ್ಲಿ ಅವರಿಗೆ ಫ್ಯಾಕ್ಟರ್ 8 ಎಂಬ ಪುಡಿಯ ರೂಪದ ಔಷಧ ಬಂತು. ಮನೆಯಲ್ಲೇ ಕಲಸಿ ಚುಚ್ಚಿಕೊಳ್ಳಬಹುದು, ದೊಡ್ಡ ಅನುಕೂಲ. ಆದರೆ ಸಾವಿರಾರು ಜನರ ಪ್ಲಾಸ್ಮಾ ಒಟ್ಟು ಸೇರಿಸಿ ಅದನ್ನು ತಯಾರಿಸುತ್ತಿದ್ದರು. ಒಬ್ಬನಲ್ಲಿ ವೈರಸ್ ಇದ್ದರೂ ಸಾಕು, ಇಡೀ ಬ್ಯಾಚ್ ಕೆಟ್ಟಂತೆ. ಅಮೆರಿಕದಿಂದ ತರಿಸಿದ ಔಷಧದಲ್ಲಿ ಹಣಕ್ಕಾಗಿ ಕೊಟ್ಟವರ, ಜೈಲಿನ ಕೈದಿಗಳ ಪ್ಲಾಸ್ಮಾವೂ ಇತ್ತು. (ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಕೊಡುವುದು ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಷೇಧವಾದದ್ದು 1998ರ ಜನವರಿ 1ರಿಂದ.) ಈ ಔಷಧದಿಂದ, ಹೆರಿಗೆ ಮತ್ತು ಆಪರೇಷನ್ ಹೊತ್ತಿನಲ್ಲಿ ಕೊಟ್ಟ ರಕ್ತದಿಂದ, 30,000ಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಮತ್ತು ಹೆಪಟೈಟಿಸ್ ಸೋಂಕು ತಗುಲಿತು. ಸುಮಾರು 3,000 ಜನ ತೀರಿಕೊಂಡರು. ಹ್ಯಾಂಪ್‌ಶೈರಿನ ಟ್ರೆಲೋರ್ ಎಂಬ ವಸತಿ ಶಾಲೆಯಲ್ಲಿ 1970ರಿಂದ 1987ರವರೆಗೆ ಹಿಮೋಫಿಲಿಯಾ ಇದ್ದ 122 ಹುಡುಗರು ಓದಿದರು. ಉಳಿದವರು ಸುಮಾರು 30 ಮಂದಿ.

ಸರ್ಕಾರ ಏನು ಮಾಡಿತು? 1988ರಲ್ಲಿ ಮ್ಯಾಕ್‌ಫರ್ಲೇನ್ ಟ್ರಸ್ಟ್ ಎಂಬ ನಿಧಿಗೆ 1 ಕೋಟಿ ಪೌಂಡ್ ಕೊಟ್ಟಿತು. ತಪ್ಪಾಯಿತೆಂದಲ್ಲ, ಕನಿಕರದಿಂದ. ಸಾಯುತ್ತಿದ್ದವರು ತಮ್ಮ ಕಷ್ಟವನ್ನು ಅರ್ಜಿಯಲ್ಲಿ ಬರೆದು ಕೈಚಾಚಬೇಕಾಯಿತು. 1991ರ ಒಪ್ಪಂದ ಇನ್ನೂ ಕೆಟ್ಟದ್ದು. ಎಚ್‌ಐವಿಗೆ ಹಣ ಬೇಕಿದ್ದರೆ, ಹೆಪಟೈಟಿಸ್ ವಿಷಯದಲ್ಲೂ ಮುಂದೆ ಕೋರ್ಟಿಗೆ ಹೋಗುವುದಿಲ್ಲ ಎಂದು ಸಹಿ ಹಾಕಬೇಕಿತ್ತು. ತಮಗೆ ಹೆಪಟೈಟಿಸ್ ಸಿ ಇದೆ ಎಂಬುದೇ ಅನೇಕರಿಗೆ ತಿಳಿದದ್ದು ಆಮೇಲೆ. ಇದನ್ನು ಪರಿಹಾರ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅಂದು ಸಿಕ್ಕಿದ್ದರಲ್ಲಿ ಉತ್ತಮ ಚಿಕಿತ್ಸೆಯನ್ನೇ ಕೊಟ್ಟೆವು ಎಂಬ ಒಂದೇ ಮಾತನ್ನು ಸರ್ಕಾರಗಳು ವರ್ಷಗಟ್ಟಲೆ ಹೇಳಿಕೊಂಡು ಬಂದವು. ಪಕ್ಷ ಬದಲಾದರೂ ಮಾತು ಬದಲಾಗಲಿಲ್ಲ. ನೊಂದವರು ಬಿಡಲಿಲ್ಲ. 2017ರಲ್ಲಿ ವಿಚಾರಣೆ ಘೋಷಣೆಯಾಯಿತು. 2024ರ ಮೇ 20ರಂದು ನ್ಯಾಯಮೂರ್ತಿ ಬ್ರಯನ್ ಲ್ಯಾಂಗ್‌ಸ್ಟಾಫ್ ವರದಿ ಕೊಟ್ಟರು: ಇದು ಆಕಸ್ಮಿಕವಲ್ಲ, ತಡೆಯಬಹುದಿತ್ತು, ಸತ್ಯವನ್ನು ಮುಚ್ಚಿಟ್ಟಿದ್ದಾರೆ. ಟ್ರೆಲೋರ್ ಮಕ್ಕಳನ್ನು ಸಂಶೋಧನೆಯ ವಸ್ತುಗಳಂತೆ ಬಳಸಿಕೊಂಡಿದ್ದನ್ನೂ ಬರೆದರು. ಅದೇ ದಿನ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಆ ವರ್ಷವೇ ಕಾನೂನಿನ ಮೂಲಕ ಪರಿಹಾರ ಪ್ರಾಧಿಕಾರ ಬಂತು. ಅಕ್ಟೋಬರ್ ಬಜೆಟ್‌ನಲ್ಲಿ 1,180 ಕೋಟಿ ಪೌಂಡ್ ಎತ್ತಿಟ್ಟರು. ಕಾಯಿಲೆಯ ನೋವಿಗೆ, ಕಳೆದುಕೊಂಡ ಸಂಪಾದನೆಗೆ ಮಾತ್ರವಲ್ಲ, ಸಮಾಜ ದೂರ ಇಟ್ಟದ್ದಕ್ಕೂ, ಒಪ್ಪಿಗೆ ಕೇಳದೆ ಚಿಕಿತ್ಸೆ ಮಾಡಿದ್ದಕ್ಕೂ ಲೆಕ್ಕವಿದೆ. 2022ರಲ್ಲಿ ಮಧ್ಯಂತರವಾಗಿ ಕೊಟ್ಟ 1 ಲಕ್ಷ ಪೌಂಡ್ ಸೋಂಕಿತರಿಗೆ ಮತ್ತು ತೀರಿಹೋದವರ ಗಂಡ ಹೆಂಡತಿಯರಿಗಷ್ಟೇ ಸಿಕ್ಕಿತ್ತು; ತಂದೆತಾಯಿಗಳಿಗೆ ಏನೂ ಇರಲಿಲ್ಲ. ಈಗ ಅವರಿಗೂ ತಮ್ಮದೇ ಹಕ್ಕಿನಿಂದ ಪರಿಹಾರವಿದೆ. 1985ರಲ್ಲಿ ಹತ್ತು ವರ್ಷದ ಮಗನನ್ನು ಮಣ್ಣು ಮಾಡಿದ ತಾಯಿಗೆ ಇಂದು ಎಷ್ಟು ವಯಸ್ಸಾಗಿರಬಹುದು, ನೀವೇ ಲೆಕ್ಕ ಹಾಕಿ.